ಬಸ್ಸಿನ ಬೋರ್ಡು ಓದುವ ಮಕ್ಕಳು

ಹಾಸನದ ಬಸ್ ನಿಲ್ದಾಣದಲ್ಲಿ ಮಕ್ಕಳ ಓದನ್ನು ಅಳೆಯುವ ಒಳ್ಳೆಯ ಪರೀಕ್ಷೆಯೊಂದು ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಲೇ ಇರುತ್ತದೆ. ಪ್ರಶ್ನೆಪತ್ರಿಕೆ ಬೇಕಿಲ್ಲ, ಮಗುವಿನ ಕೈ ಹಿಡಿದು ನಿಂತು, ಬಂದು ಹೋಗುವ ಬಸ್ಸುಗಳ ಹಣೆಯ ಮೇಲಿನ ಬೋರ್ಡುಗಳನ್ನು ಒಂದೊಂದಾಗಿ ಓದಿಸಿದರೆ ಸಾಕು. ‘ಹಾಸನ’ಕ್ಕೆ ಮೂರು ಅಕ್ಷರ ಮತ್ತು ಒಂದು ಇಳಿ ಗೊತ್ತಿದ್ದರಾಯಿತು. ‘ಆಲೂರು’, ‘ಬೇಲೂರು’ ಎನ್ನಲು ಕೊಂಬು, ಕೊಂಬಿನ ಇಳಿ, ಏತ್ವದ ದೀರ್ಘಗಳು ಬೇಕು. ‘ಚನ್ನರಾಯಪಟ್ಟಣ’ ಬಂದಾಗ ಅಕ್ಷರದ ಕೆಳಗೆ ಅಕ್ಷರ ಕುಳಿತಿರುತ್ತದೆ. ‘ಶ್ರವಣಬೆಳಗೊಳ’ ಮತ್ತು ‘ಶೃಂಗೇರಿ’ ಅಕ್ಕಪಕ್ಕ ನಿಂತರಂತೂ, ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಕೇಳುವ ಎರಡು ಆರಂಭಗಳು ಕಣ್ಣಿಗೆ ಪೂರ್ತಿ ಬೇರೆಯಾಗಿ ಕಾಣುತ್ತವೆ. ಕೊನೆಗೆ ‘ಧರ್ಮಸ್ಥಳ’: ಮಹಾಪ್ರಾಣ, ಅರ್ಕಾವತ್ತು, ಒತ್ತಕ್ಷರ ಎಲ್ಲವೂ ಒಂದೇ ಹೆಸರಿನಲ್ಲಿ. (ಈಚೆಗೆ ಬಂದಿರುವ, ಅಕ್ಷರಗಳು ಓಡುವ ಬೋರ್ಡುಗಳು ಈ ಪರೀಕ್ಷೆಗೆ ಪ್ರಯೋಜನವಿಲ್ಲ, ಬಣ್ಣದಲ್ಲಿ ಬರೆದ ಹಳೆಯ ಬೋರ್ಡುಗಳೇ ಆಗಬೇಕು.)

ಮೂವತ್ತಾರು ವರ್ಷ ಈ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ 2022ರಲ್ಲಿ ನಿವೃತ್ತನಾದ ನನಗೆ, ಈಗ ನಿಲ್ದಾಣಕ್ಕೆ ಜೊತೆಯಾಗುವವನು ಪಕ್ಕದ ಮನೆಯ ನಾಲ್ಕನೆಯ ತರಗತಿಯ ಹುಡುಗ. ಕಳೆದ ವರ್ಷ ಒಂದು ಸಂಜೆ ಅವನು ಸಕಲೇಶಪುರದವರೆಗಿನ ಬೋರ್ಡುಗಳನ್ನೆಲ್ಲ ಸರಾಗವಾಗಿ ಓದಿದ. ಧರ್ಮಸ್ಥಳದ ಬಸ್ಸು ಬಂದಾಗ ‘ದ... ಮ...’ ಎಂದು ನಿಂತ. ಬೋರ್ಡನ್ನು ಬಿಟ್ಟು ಬಸ್ಸನ್ನು ಒಮ್ಮೆ ನೋಡಿ, ನನ್ನ ಮುಖವನ್ನು ಒಮ್ಮೆ ನೋಡಿ, “ಧರ್ಮಸ್ಥಳ ಅಲ್ವಾ ತಾತ? ನಮ್ಮಜ್ಜಿ ಇದೇ ಬಸ್ಸಲ್ಲಿ ಹೋಗೋದು” ಎಂದ. ಉತ್ತರ ಸರಿಯಾಗಿತ್ತು. ಆದರೆ ಅವನು ಓದಿದ್ದು ಅಕ್ಷರವನ್ನಲ್ಲ, ಅಜ್ಜಿಯನ್ನು.

ಓದು ಕಲಿಸುವ ಕ್ರಮಗಳ ಬಗ್ಗೆ ನಡೆಯುವ ವಾದಗಳೆಲ್ಲ ಹೆಚ್ಚಾಗಿ ಆರಂಭದ ಬಗ್ಗೆಯೇ ಇರುತ್ತವೆ: ಅಕ್ಷರದಿಂದ ತೊಡಗಬೇಕೇ, ಪದದಿಂದಲೇ, ಕಥೆಯಿಂದಲೇ ಎಂದು. ನನ್ನ ಅನುಭವದಲ್ಲಿ ಕನ್ನಡದ ಮಟ್ಟಿಗೆ ಯಾವ ಕ್ರಮ ಹಿಡಿದರೂ ಹೆಚ್ಚಿನ ಮಕ್ಕಳು ಬೇಲೂರಿನವರೆಗೆ ತಲುಪುತ್ತಾರೆ. ಕ್ರಮಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಧರ್ಮಸ್ಥಳದ ದಾರಿಯಲ್ಲಿ, ಮತ್ತು ಅಲ್ಲಿಗೆ ಬರುವಷ್ಟರಲ್ಲಿ ಕಲಿಸುವವರೆಲ್ಲ ತಮ್ಮ ಕೆಲಸ ಮುಗಿಯಿತೆಂದು ಇಳಿದುಹೋಗಿರುತ್ತಾರೆ. ಇಳಿದುಹೋದವರಲ್ಲಿ ನಾನೂ ಒಬ್ಬ.

ನಾನು ಕಲಿತದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೂಗಿ. ನಮ್ಮ ತಾತ ಕೂಲಿ ಮಠದಲ್ಲಿ, ಅಂದರೆ ಹಳ್ಳಿಯ ಹಳೆಯ ಶಾಲೆಯಲ್ಲಿ, ಐಗಳ (ಗುರುಗಳ) ಮುಂದೆ ಕುಳಿತು ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದಿದವರು. ನಮ್ಮ ಕಾಲಕ್ಕೆ ಮರಳು ಹೋಗಿ ಸ್ಲೇಟು ಬಂದಿತ್ತು, ಕೂಗು ಮಾತ್ರ ಹಾಗೆಯೇ ಉಳಿದಿತ್ತು. ಮೊದಲು ಸ್ವರ, ಆಮೇಲೆ ಕವರ್ಗದಿಂದ ಹಿಡಿದು ಳಕಾರದವರೆಗೆ ವ್ಯಂಜನ, ಆಮೇಲೆ ಕಾಗುಣಿತ. “ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ” ಎಂದು ಇಡೀ ತರಗತಿ ರಾಗವಾಗಿ ಹೇಳುತ್ತಿತ್ತು, ಮತ್ತು ಆ ರಾಗದಲ್ಲಿ ಒಬ್ಬಿಬ್ಬರು ತುಟಿಯನ್ನಷ್ಟೇ ಆಡಿಸುತ್ತಿದ್ದರೂ ಮೇಷ್ಟರಿಗೆ ತಿಳಿಯುತ್ತಿರಲಿಲ್ಲ. ಪದ ಎಂಬುದು ನಮ್ಮ ಕಣ್ಣಿಗೆ ಬಿದ್ದದ್ದು ಎಷ್ಟೋ ತಿಂಗಳಾದ ಮೇಲೆ. ವರ್ಣಮಾಲೆ ಬಾಯಿಯ ಎಲ್ಲೆಲ್ಲಿ ಧ್ವನಿ ಹುಟ್ಟುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸಿದ ಅದ್ಭುತವಾದ ಪಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಓದು ಬಲ್ಲವರಿಗೆ ಶಾಸ್ತ್ರವಾಗಿ ರುಚಿಸುವ ಕ್ರಮವೇ ಹೊರತು ಐದಾರು ವರ್ಷದ ಮಗುವಿನ ಅನುಕೂಲಕ್ಕೆಂದು ಹುಟ್ಟಿದ್ದಲ್ಲ. ಙ ಮತ್ತು ಞ ಅಕ್ಷರಗಳನ್ನು ನಾನು ಆರನೆಯ ವರ್ಷದಲ್ಲಿ ಕಲಿತೆ. ಅವುಗಳಿಂದ ಶುರುವಾಗುವ ಪದ ಇವತ್ತಿಗೂ ನನಗೆ ಬೇಕಾಗಿಲ್ಲ.

1986ರಲ್ಲಿ ಅರಸೀಕೆರೆಯ ಕಡೆಯ ಶಾಲೆಗೆ ಹೊಸ ಮೇಷ್ಟರಾಗಿ ಹೋದಾಗ ನಾನೂ ಅದನ್ನೇ ಮಾಡಿದೆ. ಅಲ್ಲಿ ಎರಡನೆಯ ತರಗತಿಯ ಒಬ್ಬ ಹುಡುಗಿ ಕಾಗುಣಿತವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಒಂದು ದಿನ ಹಲಗೆಯ ಮೇಲೆ ‘ಕೋ’ ಎಂದಷ್ಟೇ ಬರೆದು, ಇದೇನು ಎಂದು ಕೇಳಿದೆ. ಅವಳು ಬೆರಳು ಮಡಿಸುತ್ತಾ ತುಟಿಯೊಳಗೇ ‘ಕ, ಕಾ, ಕಿ, ಕೀ’ ಎಂದು ಶುರುಮಾಡಿ, ಹನ್ನೆರಡನೆಯ ಮೆಟ್ಟಿಲಿಗೆ ಬಂದು ‘ಕೋ’ ಎಂದಳು. ನನಗೆ ಆಗ ಕೋಪ ಬಂದಿತ್ತು. ಆಮೇಲೆ ಯೋಚಿಸಿದಾಗ ಆ ಒಂದು ಉತ್ತರದಲ್ಲಿ ಕಂಠಪಾಠದ ದೋಷವೂ ಇತ್ತು, ಗುಣವೂ ಇತ್ತು ಎನ್ನಿಸಿತು. ಅಕ್ಷರ ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ಅಕ್ಷರವನ್ನು ಯಾರ ಸಹಾಯವೂ ಇಲ್ಲದೆ ಹುಡುಕಿ ತೆಗೆಯುವ ದಾರಿ ಅವಳ ಕೈಯಲ್ಲಿತ್ತು. ನಮ್ಮ ಪಕ್ಕದ ಮನೆಯ ಹುಡುಗನಿಗೆ ಆ ದಾರಿ ಇರಲಿಲ್ಲವಾದ್ದರಿಂದಲೇ ಅವನು ಅಜ್ಜಿಯ ಮೊರೆ ಹೋದದ್ದು.

ಚಿತ್ರಪಟದ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಆ’ ಪಕ್ಕದಲ್ಲಿ ಆನೆ, ‘ಇ’ ಪಕ್ಕದಲ್ಲಿ ಇಲಿ ಇರುವ ಪಟ ಪ್ರತಿ ಅಂಗನವಾಡಿಯ ಗೋಡೆಯ ಮೇಲೂ ಇದೆ, ನೋಡಲು ಚೆಂದವಾಗಿಯೂ ಇದೆ. ಚಿತ್ರವನ್ನು ಕೈಯಿಂದ ಮುಚ್ಚಿದರೆ ಎಷ್ಟು ಮಕ್ಕಳು ‘ಆ’ ಎನ್ನುತ್ತಾರೆ, ಎಷ್ಟು ಮಕ್ಕಳು ‘ಆನೆ’ ಎನ್ನುತ್ತಾರೆ ಎಂದು ನೋಡಿದ ಮೇಷ್ಟರಿಗೆ ಅದರ ಮಿತಿ ತಿಳಿದಿರುತ್ತದೆ.

ನಲಿಕಲಿ ಬಂದದ್ದು ನನ್ನ ವೃತ್ತಿಯ ನಡುವಿನಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ಕಂಡ ಪದ್ಧತಿಯನ್ನು ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. 2009ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ಬಂದಿತು. ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸವನ್ನು ತೂಗುಹಾಕುವ ಚಪ್ಪರ, ನೆಲದ ಮೇಲೆ ಗುಂಪಾಗಿ ಕುಳಿತ ಮಕ್ಕಳು. ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ಮಾತ್ರ ಅಕ್ಷರಗಳ ಸರತಿ. ಅ ಆ ಇ ಈ ಇಲ್ಲ; ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

ತರಬೇತಿಯಲ್ಲಿ ಇದನ್ನು ಕೇಳಿ ನಕ್ಕವರ ಪೈಕಿ ನಾನೂ ಇದ್ದೆ. ಮರುದಿನ ಮನೆಯಲ್ಲಿ ಕುಳಿತು ಆ ಐದು ಅಕ್ಷರಗಳಿಂದ ಪದ ಕಟ್ಟಲು ನೋಡಿದೆ: ಸರ, ದರ, ಅರಸ, ಅಗಸ, ಗರಗಸ, ದಸರ. ಮುಂದಿನ ಐದನ್ನು ಸೇರಿಸಿದ ಕೂಡಲೇ ಮರ, ಜನ, ವನ, ಬಸವ, ನವರಸ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ದುಂಡು ಆಕಾರಗಳು. ಒಂದೂ ಗುಣಿತ ಚಿಹ್ನೆಯಿಲ್ಲದೆ ಅರ್ಥವಿರುವ ಪದಗಳು. ಶಾಲೆಗೆ ಬಂದು ಕೆಲವೇ ವಾರಗಳಲ್ಲಿ ಮಗು ‘ಗರಗಸ’ ಎಂದು ಓದುತ್ತದೆ, ಓದಿದ್ದು ಏನೆಂದು ಅದಕ್ಕೆ ಗೊತ್ತಿರುತ್ತದೆ, ಏಕೆಂದರೆ ಅದರ ಅಪ್ಪನ ಕೈಯಲ್ಲಿ ಅದನ್ನು ನೋಡಿರುತ್ತದೆ. ನಾನು ಕೂಗಿ ಕಲಿತ ಕ್ರಮದಲ್ಲಿ ಅಕ್ಷರ ಮತ್ತು ಅರ್ಥದ ನಡುವೆ ಒಂದು ವರ್ಷದ ಬಯಲು ಇತ್ತು. ಇಲ್ಲಿ ಅದು ಇರಲಿಲ್ಲ.

ತಂದೆತಾಯಿಗಳಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಶೃಂಗೇರಿಗೆ ಕರೆದುಕೊಂಡು ಹೋಗಿ ಶಾರದೆಯ ಸನ್ನಿಧಿಯಲ್ಲಿ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸಿಕೊಂಡು ಬಂದ ಮಗು, ಶಾಲೆಯಲ್ಲಿ ರಗಸದ ಎಂದು ಗುನುಗುತ್ತಾ ಮನೆಗೆ ಹೋದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. “ಏನ್ ಮೇಷ್ಟ್ರೇ, ಮಗೀಗೆ ಅ ಆ ಇ ಈನೇ ಬರಲ್ವಲ್ಲ” ಎಂದು ಜಗಳಕ್ಕೆ ಬಂದವರಿಗೆ ನಾನು ಮಗುವಿನ ಕೈಯಲ್ಲಿ ಒಂದು ಕಾರ್ಡು ಓದಿಸಿ ತೋರಿಸುತ್ತಿದ್ದೆ. ಕೆಲವರು ಸಮಾಧಾನಗೊಂಡರು, ಕೆಲವರು ಮಗುವಿನ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು.

ಆದರೆ ಮಲೆನಾಡಿನ ಅಂಚಿನ ಶಾಲೆಗಳಿಗೆ ಈ ಕ್ರಮ ಮಾಡಿದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕಲೇಶಪುರದ ಕಡೆ ನಾನಿದ್ದಾಗ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಕಾಫಿ ಕೊಯ್ಲಿನ ದಿನಗಳಲ್ಲಿ, ತರಗತಿ ಅರ್ಧ ಖಾಲಿಯಾಗುತ್ತಿತ್ತು, ಇಲ್ಲವೇ ತೋಟದ ಲೈನ್ ಮನೆಗಳಿಗೆ ಬಂದ ಹೊಸ ಮಕ್ಕಳಿಂದ ತುಂಬುತ್ತಿತ್ತು. ಇಡೀ ತರಗತಿ ಒಂದೇ ಪಾಠದಲ್ಲಿ ಒಟ್ಟಿಗೆ ಸಾಗುವ ಹಳೆಯ ಕ್ರಮದಲ್ಲಿ, ಎರಡು ತಿಂಗಳು ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಸ್ಸು ಹೋಗಿಯಾಗಿರುತ್ತಿತ್ತು. ಏಣಿಯ ಕ್ರಮದಲ್ಲಿ ಅದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಮನೆಯಲ್ಲಿ ತಮಿಳು, ತುಳು, ಲಂಬಾಣಿ ಆಡುವ ಮಕ್ಕಳ ವಿಷಯದಲ್ಲಿ ಮಾತ್ರ ಕಾರ್ಡುಗಳಿಂದ ಹೆಚ್ಚು ಪ್ರಯೋಜನವಾಗಲಿಲ್ಲ ಎನ್ನಬೇಕು. ‘ಅಗಸ’ ಎಂದು ಸರಿಯಾಗಿ ಕೂಡಿಸಿ ಓದಿದರೂ ಹಾಗೆಂದರೇನು ಎಂದು ಗೊತ್ತಿಲ್ಲದ ಮಗುವಿಗೆ, ಅಕ್ಷರಕ್ಕೂ ಮುಂಚೆ ಮಾತು ಬೇಕಾಗಿತ್ತು. ಆ ಮಾತನ್ನು ಕಲಿಸಿದ್ದು ನಾನಲ್ಲ, ಅಂಗಳದಲ್ಲಿ ಆಡುವ ಮಕ್ಕಳು.

ನಮ್ಮ ಪಕ್ಕದ ಮನೆಯ ಹುಡುಗನ ತಂಗಿ ಊರಿನ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯ ಯುಕೆಜಿಯಲ್ಲಿದ್ದಾಳೆ. ಅವಳು ಮನೆಗೆ ಬಂದು ‘ಸ್, ಅ್ಯ, ಟ್’ ಎಂದು ಉಸಿರಾಡುವುದನ್ನು ಕೇಳಿ ಅವಳ ಅಜ್ಜಿ ಗಾಬರಿಯಾಗಿದ್ದರು. ಅದು ಫೋನಿಕ್ಸ್, ಅಕ್ಷರದ ಹೆಸರಿನ ಬದಲು ಅದರ ಧ್ವನಿಯನ್ನು ಕಲಿಸುವ ಕ್ರಮ ಎಂದು ವಿವರಿಸುವಾಗ ನನಗೆ ಒಂದು ಸಂಗತಿ ಹೊಳೆಯಿತು. ಜಾಲಿ ಫೋನಿಕ್ಸ್ ಎಂಬ ಪ್ರಸಿದ್ಧ ಕ್ರಮದಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಎ ಬಿ ಸಿ ಅಲ್ಲ. ಎಸ್, ಎ, ಟಿ, ಐ, ಪಿ, ಎನ್. ಆ ಆರರಿಂದ ಕೂಡಲೇ ಸಣ್ಣ ಪದಗಳನ್ನು ಕಟ್ಟಬಹುದೆಂಬುದೇ ಅದಕ್ಕೆ ಕಾರಣ. ಅಂದರೆ ರಗಸದಅ ಹಿಂದಿನ ಯೋಚನೆಯೂ ಇದೂ ಒಂದೇ. ತಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅಕ್ಷರದ ಸರತಿ ಬದಲಾಯಿಸಿದ್ದಕ್ಕೆ ಸಿಟ್ಟಾಗುವ ತಂದೆತಾಯಿಗಳೇ ಪಟ್ಟಣದಲ್ಲಿ ಅದೇ ಕೆಲಸಕ್ಕೆ ಶುಲ್ಕ ಕೊಡುತ್ತಾರೆ.

ಇಂಗ್ಲಿಷ್ ನಾಡುಗಳಲ್ಲಿ ಈ ವಿಷಯಕ್ಕೆ ನಡೆದ ಜಗಳ ದೊಡ್ಡದು. ಓದುವುದೆಂದರೆ ಸಂದರ್ಭದಿಂದ ಊಹಿಸುತ್ತಾ ಸಾಗುವುದು ಎಂಬ ಅಭಿಪ್ರಾಯವನ್ನು 1967ರಲ್ಲಿ ಅಮೆರಿಕದ ಶಿಕ್ಷಣತಜ್ಞ ಕೆನ್ ಗುಡ್‌ಮನ್ ಮುಂದಿಟ್ಟರು. ಅಕ್ಷರ ಮತ್ತು ಧ್ವನಿಯ ನಂಟನ್ನು ಬಿಡಿಸಿ ಕಲಿಸದೆ, ಒಳ್ಳೆಯ ಕಥೆಪುಸ್ತಕಗಳ ನಡುವೆ ಮಗುವನ್ನು ಬಿಟ್ಟರೆ ಓದು ತಾನಾಗಿ ಬರುತ್ತದೆಂಬ ನಂಬಿಕೆ ಮುಂದಿನ ದಶಕಗಳಲ್ಲಿ ಅಲ್ಲಿನ ಶಾಲೆಗಳಲ್ಲಿ ಬಲವಾಯಿತು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ ಅಧ್ಯಯನಗಳನ್ನೆಲ್ಲ ಕ್ರೋಡೀಕರಿಸಿ, ಧ್ವನಿಯನ್ನು ಕ್ರಮಬದ್ಧವಾಗಿ ಕಲಿಸುವುದೇ ಮೇಲೆಂದಿತು. ಇಂಗ್ಲೆಂಡಿನಲ್ಲಿ 2012ರಿಂದ ಮೊದಲ ವರ್ಷದ ಮಕ್ಕಳಿಗೆಲ್ಲ ಫೋನಿಕ್ಸ್ ಪರೀಕ್ಷೆಯೇ ಇದೆ, ಅದರಲ್ಲಿ ಅರ್ಥವಿಲ್ಲದ ಹುಸಿ ಪದಗಳನ್ನೂ ಓದಿಸುತ್ತಾರೆ, ಊಹೆಗೆ ಎಡೆಯಿರಬಾರದೆಂದು. ಅಜ್ಜಿಯ ಬಸ್ಸಿನ ಉಪಾಯ ಅಲ್ಲಿ ನಡೆಯುವುದಿಲ್ಲ.

ಆ ಜಗಳವನ್ನು ಹಾಗೆಯೇ ಎತ್ತಿ ತಂದು ಕನ್ನಡಕ್ಕೆ ಹಚ್ಚುವವರನ್ನು ಕಂಡರೆ ನನಗೆ ಬೇಸರ. ಇಂಗ್ಲಿಷಿನ ಮಗುವಿಗೆ 26 ಅಕ್ಷರಗಳು ಬೇಗ ಗುರುತು ಸಿಗುತ್ತವೆ. ಅವು ಯಾವಾಗ ಯಾವ ಧ್ವನಿ ಕೊಡುತ್ತವೆಂಬುದೇ ಅದರ ಕಷ್ಟ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ಧ್ವನಿ, ಆದ್ದರಿಂದ ಫೋನಿಕ್ಸ್ ಎಂಬ ಬೇರೆ ಪಾಠ ಬೇಕಿಲ್ಲ. ನಮ್ಮ ಕಷ್ಟ ಸಂಖ್ಯೆಯದು. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ. ಆದರೆ 34 ವ್ಯಂಜನಕ್ಕೆ ತಲಾ 15 ಗುಣಿತ ರೂಪಗಳಂತೆ ಎಣಿಸಿದರೆ 510 ಆಯಿತು, ಒತ್ತಕ್ಷರಗಳ ಲೆಕ್ಕ ಇನ್ನೂ ಹೊರಗೇ ಇದೆ. ಅದರೊಳಗೆ ಸಣ್ಣ ಸಣ್ಣ ಒಳಸುಳಿಗಳು. ‘ಕ’ಗೆ ಪಕ್ಕದಲ್ಲಿ ಕೊಂಬು ಕೊಟ್ಟರೆ ‘ಕು’. ‘ವ’ಗೆ ಹಾಗೆ ಕೊಟ್ಟರೆ ಅದು ‘ಮ’ ಆಗಿಬಿಡುವುದರಿಂದ ‘ವು’, ‘ಪು’ಗಳಲ್ಲಿ ಕೊಂಬು ಕೆಳಕ್ಕಿಳಿಯುತ್ತದೆ. ಇದನ್ನು ನಾನು ಮೇಷ್ಟರಾಗಿ ಎಷ್ಟೋ ವರ್ಷವಾದ ಮೇಲೆ, ಒಂದು ಮಗು ‘ಹಾವು’ ಎಂಬುದನ್ನು ‘ಹಾಮ’ ಎಂದು ಬರೆದಾಗ, ಮೊದಲ ಬಾರಿಗೆ ಗಮನಿಸಿದೆ.

ಇನ್ನೊಂದು ಅಡಚಣೆ ಕಣ್ಣಿಗೆ ಕಾಣದು. ‘ಕ’ ಎಂಬುದರೊಳಗೆ ‘ಅ’ ಅಡಗಿದೆ. ‘ಕಿ’ ಓದಬೇಕಾದರೆ ಮಗು ಆ ‘ಅ’ವನ್ನು ತೆಗೆದು ‘ಇ’ಯನ್ನು ಕೂಡಿಸಬೇಕು. ದೊಡ್ಡವರು ವ್ಯಾಕರಣದಲ್ಲಿ ಕಲಿಯುವ ಈ ಬಿಡಿಸುವಿಕೆ ಮಗುವಿನ ಕಿವಿಗೆ ನಿಧಾನವಾಗಿ ಒಲಿಯುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಅಧ್ಯಯನ ಪ್ರಕಟಿಸಿದ ಬೆಂಗಳೂರಿನ ಸೊನಾಲಿ ನಾಗ್ ತೋರಿಸಿದ್ದು ಇದನ್ನೇ: ಇಂಗ್ಲಿಷಿನಂತೆ ಇಲ್ಲಿ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯಲ್ಲೂ ಅದು ನಡೆಯುತ್ತಲೇ ಇರುತ್ತದೆ. ಅದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಏಕೆಂದರೆ ಮೂರನೆಯ ತರಗತಿಗೆ ಬಂದ ಮಕ್ಕಳಿಗೆ ನಾನು ‘ಇನ್ನೂ ಓದು ಬರೋದಿಲ್ವಾ’ ಎಂದು ಎಷ್ಟು ಬಾರಿ ಗದರಿದ್ದೇನೋ ಲೆಕ್ಕವಿಲ್ಲ.

ಹೊಸಬರಹವನ್ನು ಪ್ರತಿಪಾದಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಮಾತು ಇಲ್ಲಿ ನೆನಪಾಗುತ್ತದೆ. ಕನ್ನಡಿಗರ ದಿನಬಳಕೆಯ ಉಲಿಯಲ್ಲಿ ಇಲ್ಲದ ಮಹಾಪ್ರಾಣಗಳನ್ನೂ ಋ, ಷ ಮುಂತಾದವನ್ನೂ ಬರಹದಲ್ಲಿಯೂ ಬಿಟ್ಟುಬಿಡಬಹುದೆಂಬ ಅವರ ವಾದಕ್ಕೆ, ಒಂದನೆಯ ತರಗತಿಯ ಮೇಷ್ಟರಾಗಿ ನನ್ನ ಅರ್ಧ ಮತವಿದೆ. ಉಳಿದ ಅರ್ಧವನ್ನು ಕೊಡಲಾರೆ. ಮಗು ಓದಬೇಕಾದ ಬೋರ್ಡುಗಳು ಹಳೆಯ ಬರಹದಲ್ಲೇ ಇವೆ.

ಉಲಿಯ ಮಾತು ಬಂದದ್ದರಿಂದ ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಅದು ಆಸನ. ಹಾಲು ಆಲು, ಹಸು ಅಸು. ಬೋರ್ಡಿನ ಮೇಲಿನ ‘ಹಾಸನ’ವನ್ನು ನೋಡಿ ‘ಆಸನ’ ಎಂದ ಮಗು ತಪ್ಪು ಓದಿತೇ? ನನ್ನ ಮೊದಲ ಹತ್ತು ವರ್ಷ ನಾನು ತಪ್ಪೆಂದು ತಿದ್ದಿದೆ, ಮತ್ತು ಆ ತಿದ್ದುವಿಕೆಯಿಂದ ಎಷ್ಟೋ ಮಕ್ಕಳು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಈಗ ನನ್ನ ಅಭಿಪ್ರಾಯ ಬೇರೆ. ಮಗು ಅಕ್ಷರವನ್ನು ಗುರುತಿಸಿದೆ, ಅರ್ಥವನ್ನೂ ಹಿಡಿದಿದೆ, ತನ್ನ ಮನೆಯ ಬಾಯಿಯಲ್ಲಿ ಅದನ್ನು ಹೇಳಿದೆ, ಅದು ಓದು. ‘ಧ’ವನ್ನು ‘ದ’ ಎನ್ನುವುದೂ ಹಾಗೆಯೇ. ಬರೆಯುವಾಗ ಹಕಾರ ತಪ್ಪಿದರೆ ಮಾತ್ರ ತಿದ್ದಬೇಕು, ಅದೂ ನಿಧಾನವಾಗಿ.

ನಾಲ್ಕನೆಯ ತರಗತಿಯ ಮಕ್ಕಳನ್ನು ಒಮ್ಮೆ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಕರೆದುಕೊಂಡು ಹೋಗಿದ್ದೆ. ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಶಾಸನದ ಪ್ರತಿಕೃತಿಯ ಮುಂದೆ ನಿಂತು, ‘ಇದು ಕನ್ನಡ, ಓದಿ’ ಎಂದೆ. ಯಾರಿಗೂ ಒಂದಕ್ಷರ ಹತ್ತಲಿಲ್ಲ. “ನೀವು ಓದಿ ಸಾರ್” ಎಂದರು. ನನಗೂ ಬರಲಿಲ್ಲ. ಹದಿನಾರು ಸಾಲುಗಳ ಎದುರು, ನನ್ನದೇ ಭಾಷೆಯ ಗುರುತುಗಳ ಎದುರು, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ನಿಂತ ಆ ಎರಡು ನಿಮಿಷಗಳಲ್ಲಿ, ಜೂನ್ ತಿಂಗಳಲ್ಲಿ ನನ್ನ ಮುಂದೆ ಕುಳಿತುಕೊಳ್ಳುವ ಆರು ವರ್ಷದವರ ಸ್ಥಿತಿ ನನಗೆ ಅರಿವಾಯಿತು. ಗೊತ್ತಿರುವ ಒಂದೆರಡು ಆಕಾರಗಳನ್ನು ಹಿಡಿದು ಉಳಿದದ್ದನ್ನು ಊಹಿಸಲು ನಾನೂ ನೋಡಿದೆ. ಊಹೆ ಎಲ್ಲಿಗೂ ಮುಟ್ಟಲಿಲ್ಲ.

ನಲಿಕಲಿಯ ವಿಷಯದಲ್ಲಿ ನನ್ನ ದೂರು ಆ ಕ್ರಮದ ಮೇಲಲ್ಲ, ಅದನ್ನು ನಾನು ಮುಗಿಸಿದ ರೀತಿಯ ಮೇಲೆ. ಏಣಿಯ ಮೆಟ್ಟಿಲುಗಳು ಮುಗಿದವು, ಮಗು ಸಣ್ಣ ಕಥೆ ಓದಿತು, ಪ್ರಗತಿಯ ಪಟ್ಟಿಯಲ್ಲಿ ಗುರುತು ಹಾಕಿದೆ. ಮುಂದಿನ ತರಗತಿಯ ಪುಸ್ತಕದಲ್ಲಿ ಸಾಲಿಗೆ ನಾಲ್ಕು ಒತ್ತಕ್ಷರ. ಬೇರೆ ಒತ್ತುಗಳೆಲ್ಲ ಹೆಚ್ಚುಕಡಿಮೆ ತಲಕಟ್ಟು ತೆಗೆದ ಮೂಲ ಅಕ್ಷರದಂತೆಯೇ ಇರುತ್ತವೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಕ್ಕೆ ಹೋಲಿಕೆಯೇ ಇಲ್ಲ, ಮತ್ತು ಪುಸ್ತಕದ ತುಂಬ ಬರುವವೂ ಅವೇ. ಅರ್ಕಾವತ್ತು ಇನ್ನೂ ವಿಚಿತ್ರ: ಮೊದಲು ಉಚ್ಚರಿಸಬೇಕಾದ ‘ರ್’ ಅನ್ನು ಆಮೇಲೆ ಬರೆಯುತ್ತೇವೆ. ಎಡದಿಂದ ಬಲಕ್ಕೆ ಓದುತ್ತಾ ಬಂದ ಮಗು ‘ದ, ಮ’ ಎಂದು ನಿಂತರೆ ಅದು ಕ್ರಮ ತಪ್ಪಿದ್ದಲ್ಲ, ನಾವು ಕಲಿಸಿದ ಕ್ರಮವನ್ನು ನಂಬಿದ್ದು. ಇವನ್ನು ಒಂದೊಂದಾಗಿ ಬಿಡಿಸಿ ಹೇಳಲು ಮೂರು, ನಾಲ್ಕನೆಯ ತರಗತಿಗಳಲ್ಲಿ ನಾನು ಸಮಯವನ್ನೇ ಇಟ್ಟಿರಲಿಲ್ಲ. ಕೂಗಿ ಕಲಿಸುತ್ತಿದ್ದ ಹಳೆಯ ಮೇಷ್ಟರುಗಳು ಒತ್ತಕ್ಷರದ ಮಗ್ಗಿಯನ್ನೂ ಹೇಳಿಸುತ್ತಿದ್ದರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಹುಡುಗನಿಗಾಗಿ ನಾನು ಮಾಡಿದ್ದು ಹೊಸ ಕ್ರಮವೇನಲ್ಲ. ಕಾಗುಣಿತವನ್ನು ಹಿಂದುಮುಂದಾಗಿ, ನಡುವಿನಿಂದ, ಅಲ್ಲಲ್ಲಿ ಬೆರಳಿಟ್ಟು ಕೇಳುತ್ತಾ ಬಂದೆ. ಆ ಆರು ಒತ್ತುಗಳಿಗೆ ವಾರಕ್ಕೊಂದರಂತೆ ಸರದಿ: ಹತ್ತಿ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು. ಅರ್ಕಾವತ್ತಿಗೆ ‘ಸೂರ್ಯ’ ಎಂದು ಬರೆದು, ಬಾಯಿ ಮೊದಲು ಎಲ್ಲಿಗೆ ಹೋಗುತ್ತದೆ, ಕೈ ಎಲ್ಲಿಗೆ ಹೋಗುತ್ತದೆ ಎಂದು ಅವನಿಂದಲೇ ಹೇಳಿಸಿದೆ. ಅದರ ಜೊತೆಗೆ ದಿನಕ್ಕೊಂದು ಪುಟ ನಾನು ಓದಿ ಹೇಳುತ್ತಿದ್ದೆ, ಕಥೆ ಕುತೂಹಲದ ಜಾಗಕ್ಕೆ ಬಂದಾಗ ಪುಸ್ತಕ ಅವನ ಕೈಗೆ ಕೊಟ್ಟು ಒಳಗೆ ಕಾಫಿ ಕುಡಿಯಲು ಹೋಗುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ, ನಾನು ಕಾಫಿ ಮುಗಿಸಿ ಬಂದಾಗ ಅವನು ಪುಟ ತಿರುಗಿಸಿರುತ್ತಿದ್ದ.

ಹೋದ ತಿಂಗಳು ಮತ್ತೆ ನಿಲ್ದಾಣಕ್ಕೆ ಹೋಗಿದ್ದೆವು. ಧರ್ಮಸ್ಥಳದ ಬೋರ್ಡನ್ನು ಅವನು ಗಮನಿಸದವನಂತೆ ಓದಿ ಮುಂದೆ ಹೋದ. ಅದರ ಹಿಂದೆಯೇ ಅವನ ಮನೆಯವರಾರೂ ಹೋಗದ ಊರಿನ ಬಸ್ಸೊಂದು ಬಂದು ನಿಂತಿತು. ಅವನು ಬೋರ್ಡಿನ ಕೆಳಗೆ ನಿಂತು, ಒಂದೊಂದು ಒತ್ತಿನ ಮೇಲೂ ಕಾಲೂರಿ, ‘ಸು, ಬ್ರ, ಹ್ಮ, ಣ್ಯ’ ಎಂದು ಕೂಡಿಸಿದ. ಅಷ್ಟರಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು “ಸುಬ್ರಮಣ್ಯ, ಸುಬ್ರಮಣ್ಯ” ಎಂದು ಕೂಗತೊಡಗಿದರು. ಹುಡುಗ ಬೋರ್ಡನ್ನು ಇನ್ನೊಮ್ಮೆ ನೋಡಿ, ನನ್ನ ಪಂಚೆಯ ಅಂಚು ಜಗ್ಗಿ, ಸಣ್ಣ ದನಿಯಲ್ಲಿ ಕೇಳಿದ: “ತಾತ, ಅವರಿಗೆ ಓದಕ್ಕೆ ಬರಲ್ವಾ?”